ಬಿಪಿ ಮಾತ್ರೆ, ಮೂತ್ರಪಿಂಡ ಮತ್ತು ರೆನಿನ್

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಬಿಪಿ ಇರುವವರ ಮಾತ್ರೆ ಚೀಟಿಯಲ್ಲಿ ಮೂರು ಹೆಸರು ಮತ್ತೆ ಮತ್ತೆ ಕಾಣುತ್ತವೆ: ಆಮ್ಲೋಡಿಪಿನ್, ಟೆಲ್ಮಿಸಾರ್ಟಾನ್ ಮತ್ತು ಮೂತ್ರ ಹೆಚ್ಚಿಸುವ ಥಯಾಜೈಡ್ ಜಾತಿಯ ಒಂದು ಮಾತ್ರೆ. ಮೂರೂ ಒತ್ತಡ ಇಳಿಸುತ್ತವೆ. ಆದರೆ ಮೂತ್ರಪಿಂಡ ಬಿಡುವ ರೆನಿನ್ ಜೊತೆ ಒಂದೊಂದರ ವ್ಯವಹಾರ ಒಂದೊಂದು ಬಗೆ.

1898ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಟಿಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಮೊಲದ ಮೂತ್ರಪಿಂಡದ ಸಾರವನ್ನು ಇನ್ನೊಂದು ಮೊಲಕ್ಕೆ ಚುಚ್ಚಿದಾಗ ಒತ್ತಡ ಏರಿತು. ಆ ಸಾರದಲ್ಲಿದ್ದುದೇ ರೆನಿನ್. ಮುಂದಿನ ಮೂರು ದಶಕ ಹೆಚ್ಚು ಮಂದಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1934ರಲ್ಲಿ ಗೋಲ್ಡ್‌ಬ್ಲಾಟ್ ನಾಯಿಯ ಮೂತ್ರಪಿಂಡದ ರಕ್ತನಾಳವನ್ನು ಬಿಗಿದು ಬಿಪಿ ಏರಿಸಿ ತೋರಿಸಿದ ಮೇಲೆ ವಿಷಯಕ್ಕೆ ಮತ್ತೆ ಜೀವ ಬಂತು.

ಒತ್ತಡ ಕುಸಿದರೆ, ಉಪ್ಪು ಕಡಿಮೆಯಾದರೆ ಮೂತ್ರಪಿಂಡ ರೆನಿನ್ ಬಿಡುತ್ತದೆ. ಯಕೃತ್ತಿನಿಂದ ಬಂದ ಪ್ರೋಟೀನನ್ನು ಅದು ಕತ್ತರಿಸುತ್ತದೆ. ಮುಖ್ಯವಾಗಿ ಶ್ವಾಸಕೋಶದಲ್ಲಿರುವ ಎಸಿಇ ಎಂಬ ಕಿಣ್ವ ಆ ತುಂಡನ್ನು ಆಂಜಿಯೋಟೆನ್ಸಿನ್-2 ಮಾಡುತ್ತದೆ. ಅದು ರಕ್ತನಾಳ ಬಿಗಿಯುತ್ತದೆ, ಆಲ್ಡೋಸ್ಟಿರಾನ್ ಎಂಬ ಹಾರ್ಮೋನಿನ ಮೂಲಕ ಉಪ್ಪನ್ನು ಒಳಗೇ ಉಳಿಸುತ್ತದೆ.

ಈ ಸರಪಳಿಗೆ ಕತ್ತರಿ ಸಿಕ್ಕಿದ್ದು ಹಾವಿನ ವಿಷದಿಂದ. ಬ್ರೆಜಿಲ್‌ನ ಜರರಾಕಾ ಹಾವಿನ ವಿಷದ ಮೇಲೆ ಫೆರೇರಾ 1960ರ ದಶಕದಲ್ಲಿ ಮಾಡಿದ ಕೆಲಸದ ಜಾಡು ಹಿಡಿದು ಕುಶ್ಮನ್ ಮತ್ತು ಒಂಡೆಟ್ಟಿ ಎಸಿಇ ತಡೆಯುವ ಕ್ಯಾಪ್ಟೋಪ್ರಿಲ್ ರೂಪಿಸಿದರು. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಈ ಗುಂಪಿನ ಮಾತ್ರೆ ಕೆಲವರಿಗೆ ಒಣಕೆಮ್ಮು ತರುತ್ತದೆ. 1995ರಲ್ಲಿ ಬಂದ ಲೋಸಾರ್ಟಾನ್, ಆಮೇಲಿನ ಟೆಲ್ಮಿಸಾರ್ಟಾನ್ ಎಸಿಇ ತಂಟೆಗೆ ಹೋಗದೆ ಆಂಜಿಯೋಟೆನ್ಸಿನ್ ಕೂರುವ ಜಾಗವನ್ನೇ ಮುಚ್ಚುತ್ತವೆ. ಕೆಮ್ಮಿನ ಕಾಟ ಕಡಿಮೆ. ಎರಡೂ ಗುಂಪು ಕೂಡಿಸಿದರೆ ಇನ್ನೂ ಒಳ್ಳೆಯದು ಎಂಬ ಆಸೆಗೆ 2008ರ ಆನ್‌ಟಾರ್ಗೆಟ್ ಅಧ್ಯಯನ ತಣ್ಣೀರೆರಚಿತು: ಲಾಭ ಹೆಚ್ಚಲಿಲ್ಲ, ಮೂತ್ರಪಿಂಡದ ತೊಂದರೆ ಹೆಚ್ಚಿತು.

ವಿಚಿತ್ರವೆಂದರೆ ಟೆಲ್ಮಿಸಾರ್ಟಾನ್ ನುಂಗಿದವರ ರಕ್ತದಲ್ಲಿ ರೆನಿನ್ ಇಳಿಯುವುದಿಲ್ಲ, ಏರುತ್ತದೆ. ಏರಿದರೂ ಅದರ ಆಟ ನಡೆಯುವುದಿಲ್ಲ. ಥಯಾಜೈಡ್ ಉಪ್ಪು ಹೊರಹಾಕಿ ರೆನಿನ್ ಕೆರಳಿಸುತ್ತದೆ, ಆಮ್ಲೋಡಿಪಿನ್ ಅದನ್ನು ಅಷ್ಟಿಷ್ಟು ಎಬ್ಬಿಸಬಹುದು. ಟೆಲ್ಮಿಸಾರ್ಟಾನ್ ಜೊತೆಗಿದ್ದರೆ ಆ ಕೆರಳಿಕೆಗೆ ಕಡಿವಾಣ. ಬೀಟಾ ಬ್ಲಾಕರ್‌ಗಳದ್ದು ಬೇರೆ ದಾರಿ, ಅವು ರೆನಿನ್ ಬಿಡುಗಡೆಯನ್ನೇ ತಗ್ಗಿಸುತ್ತವೆ.

ನಮ್ಮ ಕಡೆಯ ಊಟ ಇಲ್ಲಿ ನಡುವೆ ಬರುತ್ತದೆ. ಮುದ್ದೆಯ ಜೊತೆ ಉಪ್ಸಾರು, ಅದಕ್ಕೆ ಉಪ್ಪು ಹಾಕಿ ಅರೆದ ಖಾರ, ಮೇಲೊಂದು ಉಪ್ಪಿನಕಾಯಿ. ಉಪ್ಪು ಹೆಚ್ಚಾದಷ್ಟೂ ರೆನಿನ್ ತಗ್ಗುತ್ತದೆ, ಟೆಲ್ಮಿಸಾರ್ಟಾನ್‌ಗೆ ತಡೆಯಲು ಸಿಗುವುದೂ ಕಡಿಮೆ. ಮಾತ್ರೆ ಹಿಡಿಯುತ್ತಿಲ್ಲ ಎಂದು ಡೋಸ್ ಏರಿಸುವ ಮೊದಲು ಖಾರದ ಬಟ್ಟಲು ನೋಡುವುದು ಲೇಸು. ಟೆಲ್ಮಿಸಾರ್ಟಾನ್ ರಕ್ತದ ಪೊಟ್ಯಾಸಿಯಂ ಏರಿಸಬಲ್ಲದು. ಹಾಗಾಗಿ ಮೂತ್ರಪಿಂಡ ಸೋತವರು ದಿನವೂ ಪೊಟ್ಯಾಸಿಯಂ ಹೆಚ್ಚಿರುವ ಎಳನೀರು ಕುಡಿಯುವ ಮುನ್ನ ವೈದ್ಯರನ್ನು ಕೇಳಬೇಕು. ಗರ್ಭಿಣಿಯರಿಗಂತೂ ಈ ಮಾತ್ರೆ ಬೇಡವೇ ಬೇಡ.

ಈಗ ಯಕೃತ್ತಿನಲ್ಲೇ ಆ ಮೂಲ ಪ್ರೋಟೀನ್ ತಯಾರಾಗದಂತೆ ತಡೆಯುವ ಜಿಲೆಬೆಸಿರಾನ್ ಎಂಬ ಚುಚ್ಚುಮದ್ದು ಪ್ರಯೋಗದಲ್ಲಿದೆ; ಒಂದು ಡೋಸಿನ ಪರಿಣಾಮ ತಿಂಗಳುಗಟ್ಟಲೆ. ವಾಂತಿಭೇದಿಯಾಗಿ ಒತ್ತಡ ಕುಸಿದರೆ ಟೆಲ್ಮಿಸಾರ್ಟಾನನ್ನು ವೈದ್ಯರು ನಾಲ್ಕು ದಿನ ನಿಲ್ಲಿಸಬಲ್ಲರು. ಮೈಗೆ ಹೋದ ಚುಚ್ಚುಮದ್ದನ್ನು ಹಾಗೆ ವಾಪಸ್ ಪಡೆಯಲಾಗದು.