ಶ್ರುತಿಗೆ ಬಂದ ಸರ್ಕಿಟ್ಟು

ಮೊದಲ ಎಲೆಕ್ಟ್ರಾನಿಕ್ ತಂಬೂರಿ ತಯಾರಾದದ್ದು ಬೆಂಗಳೂರಿನಲ್ಲಿ, 1979ರಲ್ಲಿ. ಕೊಳಲುವಾದಕರೂ ಎಂಜಿನಿಯರೂ ಆದ ಜಿ. ರಾಜ್ ನಾರಾಯಣ್ ಅದನ್ನು ರೂಪಿಸಿ, ಅದೇ ವರ್ಷ ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ಸಮ್ಮೇಳನದಲ್ಲಿ ವಿದ್ವಾಂಸರ ಮುಂದಿಟ್ಟರು. ಅವರ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳು ಮುಂದೆ ಸಂಗೀತ ಕಲಿಯುವವರ ಮನೆಗಳನ್ನು ಸೇರಿದವು. ಎಲೆಕ್ಟ್ರಾನಿಕ್ ಸಂಗೀತ ಎಂದೊಡನೆ ಸಿನಿಮಾ ಹಾಡಿನ ಕೀಬೋರ್ಡ್ ನೆನಪಾಗುವುದು ಸಹಜ. ಆದರೆ ಶಾಸ್ತ್ರೀಯ ಸಂಗೀತದ ದಿನನಿತ್ಯದ ಅಭ್ಯಾಸವನ್ನು ಬದಲಿಸಿದ್ದು ರಾಗವನ್ನೂ ನುಡಿಸದ, ತಾಳವನ್ನೂ ಹಾಕದ, ಆಧಾರಶ್ರುತಿಯೊಂದನ್ನೇ ಹಿಡಿದು ನಿಲ್ಲುವ ಈ ಪೆಟ್ಟಿಗೆ.

ಅದಕ್ಕೆ ಮುಂಚೆ ಶ್ರುತಿ ಹಿಡಿಯಲು ಇನ್ನೊಬ್ಬರು ಬೇಕಿತ್ತು. ಕಛೇರಿಯಲ್ಲಿ ಗಾಯಕರ ಹಿಂದೆ ಕೂತು ಶಿಷ್ಯರು ತಂಬೂರಿ ಮೀಟುತ್ತಿದ್ದರು. ದೇವಸ್ಥಾನದ ನಾಗಸ್ವರ ಮೇಳದಲ್ಲಿ ಒತ್ತು ಊದುವವರು ಉಸಿರು ಕಡಿಯದಂತೆ ಒಂದೇ ಸ್ವರವನ್ನು ನಿಲ್ಲಿಸಬೇಕಿತ್ತು. ಹರಿಕಥೆ, ಭಜನೆಗಳಲ್ಲಿ ತಿದಿ ಒತ್ತುವ ಶ್ರುತಿಪೆಟ್ಟಿಗೆಯೋ ಹಾರ್ಮೋನಿಯಮ್ಮೋ ಆ ಕೆಲಸ ಮಾಡುತ್ತಿತ್ತು. ಚಿಂತಾಮಣಿ ತಾಲ್ಲೂಕಿನ ಕೈವಾರದ ಗುರುಪೂರ್ಣಿಮೆಯ ಸಂಗೀತೋತ್ಸವದಲ್ಲಿ ಹಗಲಿರುಳೆನ್ನದೆ ಹಾಡು ನಡೆಯುತ್ತದೆ. ಅಂಥ ಕಡೆ ಶ್ರುತಿ ಹಿಡಿಯುವ ಕೈಗೆ ಎಷ್ಟು ಕೆಲಸವೆಂಬುದನ್ನು ಊಹಿಸಬಹುದು.

ಯಂತ್ರ ಮಾಡುವವರಿಗೆ ಕಠಿಣವೆನಿಸಿದ್ದು ತಂಬೂರಿಯ ನಾದ. ನಾಲ್ಕು ತಂತಿಗಳೂ ಅಗಲವಾದ, ತುಸು ಉಬ್ಬಿದ ಕುದುರೆಯ ಮೇಲೆ ಹಾದುಹೋಗುತ್ತವೆ. ತಂತಿಗೂ ಕುದುರೆಗೂ ನಡುವೆ ಒಂದು ಹತ್ತಿಯ ಎಳೆ ಸಿಕ್ಕಿಸಿರುತ್ತದೆ, ಅದೇ ಜೀವಾಳ. ಎಳೆಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ಒಣಗಿದಂತಿದ್ದ ದನಿ ಝೇಂಕಾರವಾಗಿ ಅರಳುತ್ತದೆ. ತಂತಿ ಅದುರುವಾಗ ಕುದುರೆಯನ್ನು ಮತ್ತೆ ಮತ್ತೆ ಸವರುವುದೇ ಇದಕ್ಕೆ ಕಾರಣ. ಸಿ.ವಿ. ರಾಮನ್ ಇದನ್ನು 1921ರ ತಮ್ಮ ಲೇಖನದಲ್ಲಿ ಚರ್ಚಿಸಿದ್ದಾರೆ. ತಂತಿಯನ್ನು ಮೀಟಿದ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಲಾರವು ಎನ್ನುತ್ತದೆ ಯಂಗ್–ಹೆಲ್ಮ್‌ಹೋಲ್ಟ್ಸ್ ನಿಯಮ; ತಂಬೂರಿ, ವೀಣೆಗಳಲ್ಲಿ ಅವು ಚೆನ್ನಾಗಿಯೇ ಕೇಳಿಸುತ್ತವೆ ಎಂದು ರಾಮನ್ ತೋರಿಸಿದರು. ನಮ್ಮ ವಾದ್ಯ ತಯಾರಕರ ಕಿವಿಯ ಸೂಕ್ಷ್ಮಕ್ಕೆ ಇದಕ್ಕಿಂತ ದೊಡ್ಡ ಮನ್ನಣೆ ಬೇಕಿಲ್ಲ.

ಈ ನಾದವನ್ನು ಸರ್ಕಿಟ್ಟಿಗೆ ಇಳಿಸುವ ಪ್ರಯತ್ನ ಬೆಂಗಳೂರಿನಲ್ಲಿ ಆದದ್ದು ಆಕಸ್ಮಿಕವಲ್ಲ. ವಿಮಾನ ಕಾರ್ಖಾನೆ ಎಚ್‌ಎಎಲ್ 1940ರಿಂದ, ದೂರವಾಣಿ ಕಾರ್ಖಾನೆ ಐಟಿಐ 1948ರಿಂದ, ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಬಿಇಎಲ್ 1954ರಿಂದ ಇಲ್ಲಿದ್ದವು. ಎಲೆಕ್ಟ್ರಾನಿಕ್ಸ್ ಬಲ್ಲವರು ಊರಲ್ಲಿದ್ದರು, ಬಿಡಿಭಾಗಗಳೂ ಇದ್ದವು. ಸಂಜೆಯ ಸಂಗೀತ ಸಭೆಗಳೂ ಅದೇ ಊರಿನವು. ಮೊದಲ ಪೆಟ್ಟಿಗೆಗಳು ಅನಲಾಗ್ ಸರ್ಕಿಟ್ಟಿನಿಂದ ಸ್ವರ ಹುಟ್ಟಿಸಿ, ತಂತಿಗಳ ಸರದಿಯಂತೆ ಒಂದಾದ ಮೇಲೊಂದನ್ನು ಮೊಳಗಿಸುತ್ತಿದ್ದವು. ಬಿಸಿ ಏರಿದಂತೆ ಸ್ವರ ಅಲುಗುವುದು ಅನಲಾಗ್ ಸರ್ಕಿಟ್ಟಿನ ಹುಟ್ಟುದೋಷ. ಆದರೂ ಒಂದು ಗುಂಡಿ ತಿರುಗಿಸಿದರೆ ಗಂಡಸರ ಒಂದು ಮನೆ ಶ್ರುತಿಯಿಂದ ಹೆಂಗಸರ ಐದೂವರೆ ಮನೆಗೆ ಹೋಗಬಹುದಾಗಿತ್ತು. ಬಿರಡೆ ಬಿಗಿದು, ಮಣಿ ಸರಿಸಿ ಶ್ರುತಿ ಕೂಡಿಸಲು ಇನ್ನೂ ಬಾರದ ಮಕ್ಕಳಿಗೆ ಇದು ದೊಡ್ಡ ಉಪಕಾರ.

ದೇಶದ ಬೇರೆಡೆ ಇನ್ನೊಂದು ಬಗೆಯ ಪ್ರಯೋಗ ನಡೆದಿತ್ತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲಿ ಮೂಗ್ ಸಿಂಥಸೈಜರ್ ಬಂತು. ಅಲ್ಲಿನ ಧ್ವನಿಮುದ್ರಣಗಳು ಹೊರಬಂದದ್ದು 2023ರಲ್ಲಿ. ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ಲಯದಲ್ಲಿ ಸಿಂಥಸೈಜರಿನಿಂದ ನುಡಿಸಿದ ಆಲ್ಬಮ್ 2010ರಲ್ಲಿ ಮರುಬಿಡುಗಡೆಯಾದ ಮೇಲೆ ಜಗತ್ತಿನ ಗಮನ ಸೆಳೆಯಿತು. ಅವು ದಶಕಗಟ್ಟಲೆ ಕೇಳುಗರಿಗಾಗಿ ಕಾದವು. ಬೆಂಗಳೂರಿನ ಪೆಟ್ಟಿಗೆಗೆ ಬಳಸುವವರು ಬೇಗನೆ ಸಿಕ್ಕರು.

ತಂಬೂರಿಯ ನಂತರ ಎಲೆಕ್ಟ್ರಾನಿಕ್ ತಬಲವಾದ ತಾಲ್‌ಮಾಲಾ, ತಾಳ ಎಣಿಸುವ ತಾಲೋಮೀಟರ್ ಬಂದವು. ಡಿಜಿಟಲ್ ಕಾಲದಲ್ಲಿ ನಿಜವಾದ ತಂಬೂರಿಯ ಧ್ವನಿಯನ್ನೇ ಮುದ್ರಿಸಿ ಚಿಪ್ಪಿನಲ್ಲಿ ಕೂರಿಸಲಾಯಿತು. ಸ್ವರ ಅಲುಗುವ ತೊಂದರೆ ನೀಗಿತು, ನಾದವೂ ತುಂಬಿಕೊಂಡಿತು. ಈಗ ಮೊಬೈಲ್ ಆ್ಯಪ್‌ಗಳೇ ಸಾಕೆನ್ನುವವರಿದ್ದಾರೆ. ನಾಗಸ್ವರ ಮೇಳಗಳಲ್ಲಿ ಒತ್ತಿನ ಜಾಗವನ್ನು ಬಹುಮಟ್ಟಿಗೆ ಪೆಟ್ಟಿಗೆಯೇ ಹಿಡಿದಿದೆ. ತಂಬೂರಿ ಹಿಡಿದು ಗುರುವಿನ ಬೆನ್ನ ಹಿಂದೆ ಗಂಟೆಗಟ್ಟಲೆ ಕೂತು ಕಲಿಯುವ ಪಾಠ ಅಪರೂಪವಾಗಿರುವುದು ನಿಜವಾದ ನಷ್ಟ. ಆದರೂ ಪೆಟ್ಟಿಗೆ ಪಕ್ಕದಲ್ಲಿದ್ದರೂ ವೇದಿಕೆಗೆ ತಂಬೂರಿ ಬೇಕೇ ಬೇಕೆನ್ನುವ ಗಾಯಕರು ಇಂದಿಗೂ ಇದ್ದಾರೆ.