ಸಾವಿರದಲ್ಲಿ ಒಂದು ಭಾಗ: ಒಳಾಂಗಣ ವಾಯುವಿನ ಒಂದು ಅಳತೆಗೋಲು

ಕಟ್ಟಡಗಳ ವಾಯುಸಂಚಾರವನ್ನು ಗಣಕಯಂತ್ರದಲ್ಲಿ ಅನುಕರಿಸಿ ನೋಡುವವರು ಹತ್ತು ಲಕ್ಷ ಭಾಗ ಗಾಳಿಯಲ್ಲಿ 1000 ಭಾಗ ಇಂಗಾಲದ ಡೈ ಆಕ್ಸೈಡು ಎಂಬ ಮಿತಿಯನ್ನು ಬಹುಮಟ್ಟಿಗೆ ಪ್ರಶ್ನಿಸದೆಯೇ ಅಂಗೀಕರಿಸುತ್ತಾರೆ. ಅನಿಲವು ಮಿತಿಯನ್ನು ಮೀರಿದರೆ ಯಂತ್ರವು ಹೊರಗಾಳಿಯನ್ನು ಹೆಚ್ಚಿಸಬೇಕು, ಇಳಿದರೆ ತಗ್ಗಿಸಬೇಕು. ಈ ಸಂಖ್ಯೆಯ ಹುಟ್ಟನ್ನು ನಾವಿಲ್ಲಿ ವಿಚಾರಿಸುತ್ತೇವೆ.

ಇದರ ಮೂಲಪುರುಷನು ಮ್ಯೂನಿಕ್ ನಗರದ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್. ವಾಸಗೃಹಗಳ ವಾಯುವಿನಿಮಯವನ್ನು ಕುರಿತ ಆತನ ಗ್ರಂಥವು 1858ರಲ್ಲಿ ಪ್ರಕಟವಾಯಿತು. ಬೇರಿಯಂ ಹೈಡ್ರಾಕ್ಸೈಡಿನ ದ್ರಾವಣವು ಅನಿಲವನ್ನು ಹೀರಿಕೊಂಡ ಬಳಿಕ, ಉಳಿದ ಕ್ಷಾರವನ್ನು ಆಮ್ಲದಿಂದ ಅಳೆಯುವುದು ಆತನ ವಿಧಾನ. ಗಮನಿಸಬೇಕಾದುದೇನೆಂದರೆ, ಆ ಪ್ರಮಾಣದಲ್ಲಿ ಈ ಅನಿಲವು ವಿಷವೆಂದು ಆತನು ಹೇಳಲಿಲ್ಲ. ಮನುಷ್ಯನ ಉಸಿರಿನಿಂದಲೂ ಮೈಯಿಂದಲೂ ಹೊರಡುವ, ಅಂದು ಅಳೆಯಲಾಗದ ಕಲ್ಮಷಗಳು ಇದರೊಡನೆಯೇ ಏರುವುದರಿಂದ ಇದು ಅವುಗಳ ಸೂಚಕ ಮಾತ್ರ. ಸೂಚಕವು ಸಾವಿರದಲ್ಲಿ ಒಂದು ಭಾಗವನ್ನು ದಾಟಿದ ಕೋಣೆ ದೀರ್ಘವಾಸಕ್ಕೆ ಯೋಗ್ಯವಲ್ಲವೆಂಬುದು ಆತನ ತೀರ್ಮಾನ. (1892ರಲ್ಲಿ ಕಾಲರಾ ಕ್ರಿಮಿಗಳನ್ನೇ ಕುಡಿದು ತೋರಿಸಿದ ಸಾಹಸಿಯೂ ಈತನೇ, ಎಲ್ಲ ವಿಷಯಗಳಲ್ಲಿಯೂ ಆತನ ತೀರ್ಮಾನ ಸರಿಯಾಗಿರಲಿಲ್ಲ.)

1905ರಲ್ಲಿ ಬ್ರೆಸ್ಲಾವಿನ ಫ್ಲೂಗೆಯೂ ಆತನ ಸಹಾಯಕರೂ, ಜನರಿಗಾಗುವ ಬಳಲಿಕೆಗೆ ಸೆಕೆ ಮತ್ತು ತೇವಗಳೇ ಕಾರಣವೆಂದು ಪ್ರಯೋಗಗಳಿಂದ ತೋರಿಸಿದರು. 1936ರಲ್ಲಿ ಅಮೆರಿಕದ ಯಾಗ್ಲೂ ಮೈವಾಸನೆಯನ್ನೇ ಪ್ರಮಾಣವಾಗಿಟ್ಟುಕೊಂಡು ಬೇಕಾದ ಗಾಳಿಯನ್ನು ನಿರ್ಣಯಿಸಿದನು. ಕಾರಣಗಳು ಹೀಗೆ ಬದಲಾದರೂ ಸಂಖ್ಯೆ ಅಳಿಯಲಿಲ್ಲ. 1989ರ ಅಮೆರಿಕದ ವಾಯುಸಂಚಾರ ಮಾನಕದಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ನಡುವೆ 1973ರ ತೈಲ ಬಿಕ್ಕಟ್ಟು ಬಂದು, ಒಳತರುವ ಗಾಳಿಯನ್ನು ಕಾಯಿಸುವ ಅಥವಾ ತಂಪುಮಾಡುವ ವೆಚ್ಚವು ಎಲ್ಲರ ಚಿಂತೆಯಾಗಿತ್ತು. ಜನರಿದ್ದಷ್ಟೇ ಗಾಳಿ ಎಂಬ ನಿಯಂತ್ರಣಕ್ರಮವು ಬೆಳೆದುದು ಈ ಚಿಂತೆಯಿಂದ.

ಲೆಕ್ಕವೇನೋ ಸುಲಭ. ಸುಮ್ಮನೆ ಕುಳಿತ ವಯಸ್ಕನೊಬ್ಬನು ಗಂಟೆಗೆ ಸುಮಾರು 18 ಲೀಟರು ಅನಿಲವನ್ನು ಬಿಡುತ್ತಾನೆ. 200 ಘನಮೀಟರಿನ ತರಗತಿಯಲ್ಲಿ 50 ಮಂದಿ ಕುಳಿತು ಬಾಗಿಲು ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿದರೆ, ಎಂಟು ನಿಮಿಷದೊಳಗೇ 420ರಿಂದ 1000ಕ್ಕೆ ಏರುತ್ತದೆ. ಗಣಕಯಂತ್ರವು ಇದೇ ಸಮೀಕರಣವನ್ನು ಕ್ಷಣಕ್ಷಣಕ್ಕೂ ಬಿಡಿಸುತ್ತದೆ. ಆದರೆ ಕೋಣೆಯ ಗಾಳಿಯೆಲ್ಲ ಸಮನಾಗಿ ಬೆರೆತಿದೆ ಎಂಬ ಊಹೆ ಇಂತಹ ಸರಳ ಲೆಕ್ಕದಲ್ಲಿ ಅಡಗಿರುತ್ತದೆ; ಮಾಪಕವನ್ನು ಕಿಟಕಿಯ ಬಳಿ ಇಟ್ಟರೆ ಹಿಂದಿನ ಬೆಂಚಿನವರ ಸ್ಥಿತಿ ಅದಕ್ಕೆ ತಿಳಿಯದು. ಬಣ್ಣ, ಅಂಟು, ಹೊಸ ಪೀಠೋಪಕರಣಗಳು ಹೊರಸೂಸುವ ಆವಿಗಳು ಉಸಿರಿನಿಂದ ಬಂದವಲ್ಲವಾದ್ದರಿಂದ, ಖಾಲಿ ಕೋಣೆಯಲ್ಲಿ ಅವು ತುಂಬಿದರೂ ಮಾಪಕವು ಮೌನವಾಗಿರುತ್ತದೆ. ಅನುಕರಣದ ಉಳಿತಾಯದ ಅಂಕಿಗಳನ್ನು ಓದುವಾಗ ನಾವು ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂದು ನಮ್ಮ ಅಭಿಪ್ರಾಯ.

ಹೊರಗಾಳಿಯೂ ನಿಂತಲ್ಲಿ ನಿಂತಿಲ್ಲ. 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳತೆ ಆರಂಭವಾದಾಗ ಅದರಲ್ಲಿ ಸುಮಾರು 315 ಭಾಗವಿತ್ತು. 2024ರಲ್ಲಿ 420ನ್ನು ಮೀರಿತ್ತು. ಅಂದು ತಲೆಗೆ ಗಂಟೆಗೆ 26 ಘನಮೀಟರು ಹೊರಗಾಳಿಯಿಂದ ಉಳಿಯುತ್ತಿದ್ದ ಅದೇ ಸಾವಿರದ ಮಿತಿಗೆ ಈಗ 31 ಘನಮೀಟರು ಬೇಕು.