ಮತಪೆಟ್ಟಿಗೆಯಿಂದ ಮೊಬೈಲಿಗೆ

ಯರಗೇರಾ, ದೇವದುರ್ಗ, ಮಾನ್ವಿಯ ನಮ್ಮ ಹಿರಿಯರು ಮೊದಲ ಮಹಾಚುನಾವಣೆಯಲ್ಲಿ ಮತ ಹಾಕಿದ್ದು ಹೈದರಾಬಾದ್ ರಾಜ್ಯದವರಾಗಿ. ಆಗ ಚೀಟಿಯ ಮೇಲೆ ಮುದ್ರೆ ಒತ್ತುವ ಪದ್ಧತಿಯಿರಲಿಲ್ಲ. ಪ್ರತಿ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಮರೆಯೊಳಗೆ ಹೋಗಿ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬಂದರಾಯಿತು. ಆದರೆ ದೇಶದಲ್ಲಿ, ಬಹುಪಾಲು ಉತ್ತರದ ರಾಜ್ಯಗಳಲ್ಲಿ, ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದಲೇ ಹೊರಗುಳಿದರು. ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಬರೆಸಿದ್ದರು; ಸ್ವಂತ ಹೆಸರು ಹೇಳಿರಲಿಲ್ಲ.

1962ರಲ್ಲಿ ಮೈಸೂರಿನ ಶಾಯಿ ಬೆರಳಿಗೆ ಬಂತು. 1982ರಲ್ಲಿ ಕೇರಳದ ಪರವೂರಿನಲ್ಲಿ ಯಂತ್ರ ಬಂತು, 2004ರ ಲೋಕಸಭೆಗೆ ದೇಶವೆಲ್ಲ ಯಂತ್ರವೇ. ಒತ್ತಿದ ಮತ ಎಲ್ಲಿ ಹೋಯಿತೆಂಬ ಅನುಮಾನಕ್ಕೆ 2013ರಲ್ಲಿ ಚೀಟಿ ತೋರಿಸುವ ವಿವಿಪ್ಯಾಟ್. ಸುತ್ತಿ ಬಳಸಿ ಮತ್ತೆ ಕಾಗದಕ್ಕೇ ಬಂದೆವೆನ್ನಿ.

2021ರ ಅಕ್ಟೋಬರಿನಲ್ಲಿ, ಒಂದು ಕಾಲಕ್ಕೆ ನಮ್ಮದೇ ರಾಜ್ಯದಲ್ಲಿದ್ದ ಖಮ್ಮಂನಲ್ಲಿ ತೆಲಂಗಾಣದ ರಾಜ್ಯ ಚುನಾವಣಾ ಆಯೋಗ ಬ್ಲಾಕ್‌ಚೈನ್ ಬಳಸಿ ಮೊಬೈಲ್ ಮತದಾನದ ಅಣಕು ಪ್ರಯೋಗ ನಡೆಸಿತು. ಬ್ಲಾಕ್‌ಚೈನ್ ಎಂದರೆ ಹಲವು ಗಣಕಗಳಲ್ಲಿರುವ ಒಂದೇ ಲೆಕ್ಕದ ಪುಸ್ತಕ. ಪ್ರತಿ ಪುಟದಲ್ಲೂ ಹಿಂದಿನ ಪುಟದ ಮೊಹರು. ಒಂದಕ್ಷರ ತಿದ್ದಿದರೂ ಮುಂದಿನ ಮೊಹರುಗಳು ಹೊಂದುವುದಿಲ್ಲ. ಬರೆದದ್ದನ್ನು ಅದು ಕಾಯುತ್ತದೆ, ನಿಜ. ಬರೆಯುವ ಮುನ್ನ ಫೋನಿನೊಳಗೇ ಮತ ಬದಲಾದರೆ ಆ ಸುಳ್ಳನ್ನೂ ಅಷ್ಟೇ ಭದ್ರವಾಗಿ ಕಾಯುತ್ತದೆ. ಅಮೆರಿಕದ ವೆಸ್ಟ್ ವರ್ಜೀನಿಯಾ 2018ರಲ್ಲಿ ಬಳಸಿದ ಇಂಥ ಆ್ಯಪಿನ ದೋಷಗಳನ್ನು ಎಂಐಟಿ ಸಂಶೋಧಕರು 2020ರಲ್ಲಿ ಬಯಲು ಮಾಡಿದರು.

ನಮಗೆ ಅದಕ್ಕಿಂತ ಹೆಚ್ಚಿನ ಚಿಂತೆ ಆ ಮರೆಯದು. ನಮ್ಮ ಹೆಣ್ಣುಮಕ್ಕಳು ಗಂಡ, ಮಾವ, ಊರ ಗೌಡರ ಕಣ್ಣಿಗೆ ಬೀಳದೆ ಒಬ್ಬರೇ ನಿಲ್ಲುವುದು ಮತಗಟ್ಟೆಯ ಆ ಮೂಲೆಯಲ್ಲಿ. ಮನೆಗೊಂದೇ ಮೊಬೈಲಿದ್ದರೆ, ಅದಿರುವುದು ಗಂಡಸಿನ ಜೇಬಿನಲ್ಲಿ.